ಮಾತಾಡದೆ ಯಡೂರಿಗೆ ಹೋದದ್ದು

ನನ್ನ ಮಗಳಿಗೆ ನಾಲ್ಕು ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ಕಿವಿ ಚೊಲೋ ಇತ್ತು. ನಾನು ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದರೆ ಓಣಿಯ ಆ ತುದಿಯಿಂದ ಓಡಿ ಬರುತ್ತಿತ್ತು. ಬಾಯಿ ಮಾತ್ರ ಬಿಚ್ಚುತ್ತಿರಲಿಲ್ಲ. ಇದು ಎಂಬತ್ತರ ದಶಕದ ಮಾತು. ಚಿಕ್ಕೋಡಿಯ ಡಾಕ್ಟರು, "ಬರ್ತೈತಿ, ತಡೀರಿ" ಅಂದರು. ತಡೆಯುವುದು ನನ್ನಿಂದ ಆಗಲಿಲ್ಲ. ದೇವರ ಮುಂದೆ ಕೂತು ಯಡೂರ ವೀರಭದ್ರನಿಗೆ, ನಮ್ಮ ಬಾಯಲ್ಲಿ ವೀರಪ್ಪನಿಗೆ, ಹರಕೆ ಹೊತ್ತೆ. ಮಗಳು ಒಂದು ಮಾತು ಆಡಲಿ, ನನ್ನ ಹೊಸ್ತಿಲಿನಿಂದ ನಿನ್ನ ಹೊಸ್ತಿಲಿನ ತನಕ ಬಾಯಿ ಬಿಚ್ಚದೆ ನೈವೇದ್ಯ ತರುತ್ತೇನೆ ಅಂದೆ.

ಎರಡು ತಿಂಗಳಿಗೆ ಮಾತು ಬಂತು. ಅವ್ವಾ ಅನ್ನಲಿಲ್ಲ, ಅಪ್ಪಾ ಅನ್ನಲಿಲ್ಲ. "ಪಂಚರ್" ಅಂದಿತು.

ಅದಕ್ಕೆ ಕಾರಣ ನಮ್ಮ ಮನೆಯವರು. ಅವರು ದನದ ದವಾಖಾನೆಯಲ್ಲಿ ಕಂಪೌಂಡರ್. ಎಮ್ಮೆಗೆ ಸೂಜಿ ಹಾಕಲು ದಿನಾ ಸೈಕಲ್ ಮೇಲೆ ತಿರುಗುವುದು, ದಿನಾ ಸಂಜೆ ಬಾಗಿಲಿಗೆ ಬಂದು ಮೊದಲು ಹೇಳುವುದು ಅದೇ ಒಂದು ಮಾತು. ಮುಗಳಖೋಡಕ್ಕೆ ಹೋಗಲಿ, ಭೋಜಕ್ಕೆ ಹೋಗಲಿ, ಡಾಂಬರಿನ ರಸ್ತೆ ಅವರಿಗೆ ಸೇರುತ್ತಿರಲಿಲ್ಲ. "ಡಾಂಬರ ಮ್ಯಾಲೆ ಏನೈತಿ, ಲಾರಿ ಹೊಗಿ ಕುಡಕೋಂತ ಹೋಗಬೇಕು" ಅನ್ನುವರು. ಕಲ್ಲು ಮತ್ತು ಒಣಹುಲ್ಲು ಬಿಟ್ಟರೆ ಏನೂ ಬೆಳೆಯದ ಮಡ್ಡಿಯ ಮೇಲೆ, ಗರಸಿನ ಹರಳುದಾರಿ ಹಿಡಿದು, ಫಾರೆಸ್ಟಿನವರು ಹಚ್ಚಿದ ಗಿಡಗಳ ನಡುವೆ ಹಾದು, ಯಾವುದಾದರೂ ಕೆರೆಯ ಏರಿ ಹತ್ತಿ ಇಳಿದು ಹೋದರೇ ಅವರಿಗೆ ಊಟ ರುಚಿಸುವುದು. ಆ ದಾರಿಗಳನ್ನೆಲ್ಲ ಹಳೇ ಕ್ಯಾಲೆಂಡರಿನ ಬೆನ್ನಿಗೆ ಪೆನ್ಸಿಲಿನಲ್ಲಿ ಗೀಚಿಟ್ಟಿದ್ದರು. ಅದರಲ್ಲಿ ಊರಿನ ಹೆಸರೇ ಇರಲಿಲ್ಲ. ಯಾವ ಗಿಡದ ಬುಡದಲ್ಲಿ ನೆರಳಿದೆ, ಎಲ್ಲಿ ನಾಯಿ ಇದೆ, ಅಷ್ಟೇ.

ಪಂಚರ್ ಅನ್ನುವುದು ಮಾತು ಹೌದೋ ಅಲ್ಲವೋ ಎಂದು ನನಗೆ ಅನುಮಾನ. ನಮ್ಮ ಅತ್ತಿ ಹೇಳಿದರು, "ಮಾತು ಮಾತ ಅಲ್ಲೇನವಾ? ವೀರಪ್ಪ ಕೊಟ್ಟಿದ್ದು ಹಿಂದಕ ತಗೊಳೋ ಮೊದಲ ಹೋಗಿ ಬಾ."

ನಾಲ್ಕಾರು ದಿನಗಳಲ್ಲಿ ಪಂಚರಿನ ಬೆನ್ನಿಗೆ ಬೇರೆ ಮಾತುಗಳೂ ಸಾಲಾಗಿ ಬಂದವು, ಹಿಂದಕ್ಕೆ ತಗೊಂಡರೆ ಅನ್ನುವ ಅಂಜಿಕೆಯೂ ಅವುಗಳ ಜೊತೆ ಬೆಳೆಯಿತು.

ಸೋಮವಾರ ನಸುಕಿನಲ್ಲೇ ಮಡಿಯಲ್ಲಿ ಹೋಳಿಗೆ ಮಾಡಿ ಹಿತ್ತಾಳೆ ಡಬ್ಬಿಗೆ ಹಾಕಿ ಬಿಳಿ ಬಟ್ಟೆಯಲ್ಲಿ ಕಟ್ಟಿದೆ. ಡಬ್ಬಿ ನೆಲಕ್ಕೆ ತಾಗಬಾರದು. ದೇವರಿಗಿಂತ ಮೊದಲು ಅದರ ವಾಸನೆಯನ್ನೂ ಯಾರೂ ತಗೊಳ್ಳಬಾರದು. ಹೊಸ್ತಿಲು ದಾಟುವಾಗ ಅತ್ತಿ ಒಂದು ಬಿಲ್ವಪತ್ರಿ ನನ್ನ ತುಟಿಗಳ ನಡುವೆ ಇಟ್ಟರು. "ಇದು ಬೀಳಬಾರದು. ಬಿದ್ರ ನೀ ಮಾತಾಡೀದಿ ಅಂತ ಅರ್ಥ." ಮಗಳು ಬಾಗಿಲ ಚೌಕಟ್ಟು ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿತ್ತು.

ಬಸ್ಸಿಗೆ ಹೋಗಬಹುದಿತ್ತು. ಆದರೆ ಬಸ್ಸಿನಲ್ಲಿ ಪರಿಚಯದವರು ಮಾತಾಡಿಸುತ್ತಾರೆ, ಕಂಡಕ್ಟರ್ ಎಲ್ಲಿಗೆ ಅಂತ ಕೇಳುತ್ತಾನೆ. ಮಡ್ಡಿಯ ಮೇಲೆ ಕೇಳುವವರು ಯಾರು ಎಂದು ಮನೆಯವರ ವಾದ. ಸೈಕಲ್ಲಿಗೇ ಹೋಗುವುದೆಂದು ಹಿಂದಿನ ರಾತ್ರಿಯೇ ನಮ್ಮಿಬ್ಬರ ನಡುವೆ ಒಂದು ಕರಾರಾಗಿತ್ತು. ನಾನು ಅಂಗಿ ಒಮ್ಮೆ ಜಗ್ಗಿದರೆ ಸಾವಕಾಶ, ಎರಡು ಸಲ ಜಗ್ಗಿದರೆ ನಿಲ್ಲಿಸಬೇಕು. ಬಿದ್ದರೆ ಏನು ಮಾಡಬೇಕು ಅನ್ನುವುದನ್ನು ಇಬ್ಬರೂ ಯೋಚಿಸಲಿಲ್ಲ.

ಮಡ್ಡಿಯ ಇಳಿಜಾರಿನಲ್ಲಿ ಹಿಂದಿನ ಗಾಲಿ ಒಂದು ಕೊರಕಲಿಗೆ ಇಳಿದು ಎದ್ದಿತು. ನಾನು ಕ್ಯಾರಿಯರ್ ಬಿಟ್ಟು ಮೇಲೆದ್ದೆ. ಕ್ಯಾರಿಯರ್ ಮುಂದೆ ಹೋಯಿತು. ನಾನು ಗರಸಿನ ಮೇಲೆ ಕುಳಿತೆ. ಎರಡೂ ಕೈಯಲ್ಲಿ ಡಬ್ಬಿ ತಲೆಯ ಮೇಲೆ, ಪತ್ರಿ ತುಟಿಯಲ್ಲಿ. ಕುಂಡಿ ಹರಳಿಗೆ ಹೊಡೆದು ಕಣ್ಣಲ್ಲಿ ನೀರು ಬಂತು, ಆದರೆ ಅವ್ವಾ ಅನ್ನುವ ಶಬ್ದ ಬರಲಿಲ್ಲ. ಆ ಪುಣ್ಯ ವೀರಪ್ಪನದೇ, ನನ್ನದಲ್ಲ.

ಮನೆಯವರು ಮಾತಾಡುತ್ತಲೇ ಹೋದರು. "ನೋಡ, ಆ ಕಡೆ ತೋಳ ಇರತಿದ್ವಂತ ಮೊದಲ" ಅನ್ನುವುದು ಕೇಳಿಸಿತು. ಆಮೇಲೆ ದನಿ ಸಣ್ಣದಾಯಿತು. ಆಮೇಲೆ ದಿಬ್ಬದ ಆಚೆ ಅವರ ಟೊಪ್ಪಿಗೆಯೂ ಇಳಿಯಿತು. ಸೈಕಲ್ ಹಗುರಾದದ್ದು ತಿಳಿಯಲಿಲ್ಲವೇ ಎಂದು ಆಮೇಲೆ ಕೇಳಿದ್ದಕ್ಕೆ, "ತಿಳೀತು. ದೇವರ ಕೆಲಸಕ್ಕ ಹೊಂಟೇವಲ್ಲ, ಅವನ ನೂಕಾಕತ್ತಾನ ಅನಕೊಂಡೆ" ಅಂದರು.

ಏಳಬೇಕು, ಆದರೆ ಕೈ ಊರಲು ಡಬ್ಬಿ ಎಲ್ಲಿ ಇಡುವುದು? ತಲೆಯ ಮೇಲೆ ಹಿಡಿದುಕೊಂಡೇ ಮೊಣಕಾಲ ಮೇಲೆ ಬರಲು ನೋಡುತ್ತಿದ್ದಾಗ ಆಡುಗಳು ಬಂದವು. ಇಡೀ ಮಡ್ಡಿಯಲ್ಲಿ ಹಸಿರು ಎಂದಿದ್ದದ್ದು ನನ್ನ ತುಟಿಯ ನಡುವಿನ ಪತ್ರಿ ಒಂದೇ. ಒಂದು ಕರಿ ಆಡು ನನ್ನ ಹೆಗಲ ಮೇಲೆ ಮುಂಗಾಲಿಟ್ಟು ಮುಖ ತಂದಿತು. ಹಚಾ ಅನ್ನುವಂತಿಲ್ಲ, ಕೈಯಿಂದ ನೂಕುವಂತಿಲ್ಲ. ನಾನು ಮುಖ ತಿರುಗಿಸಿದ ಕಡೆ ಅದೂ ತಿರುಗಿತು. ಅದರ ಗಡ್ಡ ನನ್ನ ಗಲ್ಲಕ್ಕೆ ತಾಗಿತು. ಒಂದು ಸಲ ಜಗ್ಗಿತು, ಮೂರೂ ಎಲೆ ಹೋದವು. ತುಟಿಯಲ್ಲಿ ಬರೀ ದೇಟು ಉಳಿಯಿತು. ಅದನ್ನೂ ತಿರುಗಿ ಬಂದು ತಗೊಂಡು ಹೋಯಿತು.

ಆಡು ಕಾಯುವ ಹೆಣ್ಣುಮಗಳು ಓಡಿ ಬಂದಳು. "ಯಕ್ಕಾ, ಆಡಿನ ಗತೆ ನೀನೂ ತಪ್ಪಲಾ ತಿನ್ನಾಕತ್ತಿದ್ದೇನ?"

ನಾನು ತುಟಿ ಬಿಗಿಹಿಡಿದು ನೋಡಿದೆ.

"ಮೂಗಿ ಅದಾಳ ಪಾಪ" ಎಂದು ತನಗೆ ತಾನೇ ಹೇಳಿಕೊಂಡು ರಟ್ಟೆ ಹಿಡಿದು ಎಬ್ಬಿಸಿದಳು. ಸೀರೆಯ ಮಣ್ಣು ಕೊಡವಿದಳು. ಆಮೇಲೆ, ಮೂಗಿಯ ಮುಂದೆ ಹೇಳಿದರೆ ಎಲ್ಲಿಗೂ ಹೋಗುವುದಿಲ್ಲ ಎಂದುಕೊಂಡಳೋ ಏನೋ, ತನ್ನ ನಾದಿನಿಯ ಬಗ್ಗೆ ಇದ್ದದ್ದನ್ನೆಲ್ಲ ಹೇಳಿದಳು. ಬಿಸಿಲು ಏರುತ್ತಿತ್ತು. ನಾನು ತಲೆಯಾಡಿಸಿದೆ. ಹೇಳಿ ಮುಗಿಸಿ, "ಎಷ್ಟ ಹಗುರಾತು ನೋಡ ಯಕ್ಕಾ" ಎಂದು ಹೋದಳು.

ನನ್ನ ಮನಸ್ಸು ಹಗುರಾಗಲಿಲ್ಲ. ಪತ್ರಿ ಹೋಯಿತು. ಬಿದ್ದರೆ ಮಾತಾಡಿದ ಹಾಗೆ ಅಂದಿದ್ದರು ಅತ್ತಿ. ಆಡು ತಿಂದರೆ ಏನು ಅಂತ ಹೇಳಿರಲಿಲ್ಲ. ಆಗಲೇ ಮನೆಯಲ್ಲಿ ಮಗಳ ಬಾಯಿ ಮತ್ತೆ ಕಟ್ಟಿತೋ ಏನೋ. ವಾಪಸ್ ಹೋಗಲೇ ಅನ್ನಿಸಿತು. ಅರ್ಧಕ್ಕೆ ತಿರುಗಿದರೆ ಅದು ಇನ್ನೂ ದೊಡ್ಡ ತಪ್ಪು. ನಡೆದೆ.

ದಾರಿ ಸಿಕ್ಕಿದ್ದು ನಮ್ಮ ಬಡತನದ ಟಾಯರಿನಿಂದ. ಹಿಂದಿನ ಟಾಯರ್ ಒಡೆದಲ್ಲಿ ಒಳಗೆ ಹಳೇ ಟಾಯರಿನ ತುಂಡು ಇಟ್ಟಿದ್ದರು. ಆ ಉಬ್ಬು ಧೂಳಿನಲ್ಲಿ ಎರಡು ಹೆಜ್ಜೆಗೊಂದು ಗುರುತು ಬಿಟ್ಟಿತ್ತು. ಹೊಸ ಟಾಯರ್ ಹಾಕಿಸಿರಿ ಎಂದು ನಾನು ವರ್ಷಗಟ್ಟಲೆ ಜಗಳಾಡಿದ್ದೆ. ದೇವರು ಅದನ್ನು ಕಿವಿಗೆ ಹಾಕಿಕೊಳ್ಳದಿದ್ದದ್ದೇ ಒಳ್ಳೆಯದಾಯಿತು.

ಗುರುತು ಫಾರೆಸ್ಟಿನವರ ನೀಲಗಿರಿಯೊಳಗೆ ಹೋಯಿತು. ಅಲ್ಲಿ ಕಟ್ಟಿಗೆ ಕದಿಯುವವರನ್ನು ಹಿಡಿಯಲು ಒಬ್ಬ ಗಾರ್ಡ್ ಸೈಕಲ್ ಆನಿಸಿಕೊಂಡು ಕೂತಿದ್ದ.

"ಏನೈತಿ ಗಂಟಿನ್ಯಾಗ?"

ನಾನು ಡಬ್ಬಿ ಮೇಲೆ ಎತ್ತಿದೆ.

"ಕುಠಂ ಚಾಲ್ಲೀಸ್?" ಎಂದು, ಎಲ್ಲಿಗೆ ಹೊರಟಿ ಅಂತ ಮರಾಠಿಯಲ್ಲಿ ಕೇಳಿದ. ಅದಕ್ಕೂ ಉತ್ತರ ಬರದಿದ್ದಾಗ ಹಿಂದಿಯಲ್ಲಿ ಕೇಳಿದ. ಅಷ್ಟಕ್ಕೇ ಅವನ ಭಾಷೆಗಳು ಮುಗಿದವು. ಗಂಟಿನ ಹತ್ತಿರ ಮೂಗು ತಂದ. ನಾನು ಹಿಂದೆ ಸರಿದೆ. ಅವನು ಮುಂದೆ ಬಂದ. ಗಾಳಿ ಅವನ ಕಡೆ ಬೀಸುತ್ತಿದೆ ಎಂದು ನಾನು ಸುತ್ತು ಹಾಕಿ ಆ ಬದಿಗೆ ನಿಂತೆ. ಅವನೂ ಸುತ್ತು ಹಾಕಿದ. ನೀಲಗಿರಿ ಗಿಡದ ಸುತ್ತ ಇಬ್ಬರೂ ಮೂರು ಸುತ್ತು ಬಂದೆವು. ಯಾರಾದರೂ ನೋಡಿದ್ದರೆ ನಾವು ಪ್ರದಕ್ಷಿಣೆ ಹಾಕುತ್ತಿದ್ದೇವೆ ಅನ್ನುತ್ತಿದ್ದರು. ಕೊನೆಗೆ ನಾನು ಹಣೆಯ ವಿಭೂತಿ ತೋರಿಸಿ, ಉತ್ತರಕ್ಕೆ ಯಡೂರ ಹೊಳೆ ಇರುವ ದಿಕ್ಕು ತೋರಿಸಿ, ತುಟಿಯ ಮೇಲೆ ಬೆರಳಿಟ್ಟು ತಲೆ ಬಾಗಿಸಿದೆ.

ಅವನು ಟೊಪ್ಪಿಗೆ ತೆಗೆದ. "ಯಡೂರಿಗೇನವಾ? ಹರಕಿ? ಮೊದಲ ಹೇಳಬಾರದ?" ಅಂದ. ತಾನು ಅಂದದ್ದು ಏನೆಂದು ಹೊಳೆದು ನಾಚಿಕೊಂಡ. "ಕುಂಡ್ರು, ಕೆರಿ ತನಕ ಬಿಡತೀನಿ."

ಪರಗಂಡಸಿನ ಕ್ಯಾರಿಯರ್ ಮೇಲೆ ನಾನು ಜನ್ಮದಲ್ಲಿ ಕೂತವಳಲ್ಲ. ಆದರೆ ಮಧ್ಯಾಹ್ನದ ಮಂಗಳಾರತಿ ನನಗಾಗಿ ಕಾಯುವುದಿಲ್ಲ. ಕೂತೆ.

ಕೆರೆಯ ಏರಿ ಒಂದೇ ಸೈಕಲ್ ಹೋಗುವಷ್ಟು ಅಗಲ. ನಡುವೆ ಎದುರಿಗೆ ಇನ್ನೊಂದು ಸೈಕಲ್ ಬಂತು. ನಮ್ಮ ಮನೆಯವರು. ಟೊಪ್ಪಿಗೆ ಇಲ್ಲ, ಮುಖ ಹುಣಸೆಹಣ್ಣಿನಂತಾಗಿತ್ತು. ಆ ಕಡೆಯ ದಂಡೆ ಮುಟ್ಟಿ, ನೀರಲ್ಲಿದ್ದ ಬಾತುಗಳನ್ನು ನನಗೆ ತೋರಿಸಲು ತಿರುಗಿದಾಗಲೇ ನಾನಿಲ್ಲದ್ದು ಗೊತ್ತಾಗಿತ್ತಂತೆ. ಆಗಿನಿಂದ ಆ ದಂಡೆಯ ದಾರಿಗಳನ್ನೆಲ್ಲ ಹುಡುಕಿ ಈಗ ಹಿಂದಕ್ಕೆ ಬರುತ್ತಿದ್ದರು.

"ಪೆಟ್ಟಾಗೈತೇನ?" ಅಂದರು. ನಾನು ಸುಮ್ಮನಿದ್ದೆ. "ಸಿಟ್ಟಾಗಿಯೇನ? ಒಂದ ಮಾತ ಆಡ." ಹರಕೆಯನ್ನು ಅವರು ಪೂರಾ ಮರೆತಿದ್ದರು. ಅಂಥ ಹೊತ್ತಿನಲ್ಲಿ ಇಲ್ಲರೀ ಅನ್ನದೆ ಕೂತದ್ದು ನನಗೆ ಆ ದಿನದ ಎಲ್ಲಕ್ಕಿಂತ ಕಷ್ಟದ ಕೆಲಸ.

ಗಾರ್ಡ್ ಗದರಿದ. "ಏ ಮಾರಾಯಾ, ಹರಕಿ ಹೊತ್ತ ಹೆಣಮಗಳನ ಯಾಕ ಮಾತಾಡಸ್ತಿ? ಯಾರ ನೀ?"

"ನಾ ಇಕಿ ಗಂಡ."

"ಗಂಡ ಆಗಿ ಹಾದ್ಯಾಗ ಬಿಟ್ಟ ಹೋಗಿದ್ದೇನ?"

ಅವರು ಏರಿಯ ಮೇಲೆಯೇ ಸೈಕಲ್ ಎತ್ತಿ ತಿರುಗಿಸಿದರು. ನನ್ನನ್ನು ಅವರ ಕ್ಯಾರಿಯರಿಗೆ ದಾಟಿಸಿದರು. ಅಲ್ಲಿಂದ ಗುಡಿಯ ತನಕ ಅವರು ಒಂದು ಕೈ ಹಿಂದೆ ಚಾಚಿ ನನ್ನ ಸೆರಗು ಹಿಡಿದುಕೊಂಡೇ ಸೈಕಲ್ ಹೊಡೆದರು.

ಮಂಗಳಾರತಿಗೆ ಮುಟ್ಟಿದೆವು. ಹೊಸ್ತಿಲು ದಾಟಿ ಡಬ್ಬಿಯನ್ನು ಅಯ್ಯನವರ ಕೈಗೆ ಕೊಟ್ಟೆ. ನೈವೇದ್ಯ ಆದ ಮೇಲೆ, "ಇನ್ನ ಮಾತಾಡವಾ" ಅಂದರು. ಬೆಳಗಿನಿಂದ ಹೊಟ್ಟೆಯಲ್ಲಿದ್ದದ್ದು ಹೊರಗೆ ಬಂತು.

"ಪತ್ರಿ ಆಡು ತಿಂತ್ರಿ."

ಎಲ್ಲ ಕೇಳಿ ಅಯ್ಯನವರು ಶಲ್ಯದಿಂದ ಬಾಯಿ ಒರೆಸಿಕೊಂಡರು. ನಗು ತಡೆಯುತ್ತಿದ್ದರೋ, ಶಾಸ್ತ್ರ ನೆನೆಯುತ್ತಿದ್ದರೋ ಗೊತ್ತಿಲ್ಲ. "ನೆಲಕ್ಕ ಬಿತ್ತೇನು?"

"ಇಲ್ರಿ. ಸೀದಾ ಅದರ ಬಾಯಿಗಿ ಹೋತ್ರಿ."

"ಮತ್ತ? ಹೋಗಿ ಬಾ."

ಹೋಗಿ ಬಾ ಅಂದರೆ ತಪ್ಪಿಲ್ಲ ಎಂದೋ, ಇದ್ದರೂ ಇರಲಿ ಎಂದೋ. ಇನ್ನೊಮ್ಮೆ ಕೇಳುವ ಧೈರ್ಯ ಆಗಲಿಲ್ಲ. ಬರುವಾಗ ಡಾಂಬರಿನ ರಸ್ತೆಯಲ್ಲೇ ಬಂದೆವು. ನಾನೇ ಹಟ ಹಿಡಿದೆ.

ಮನೆ ಮುಟ್ಟಿದಾಗ ಅತ್ತಿ ಕಟ್ಟೆಯ ಮೇಲೆ ಕೂತಿದ್ದರು. ಅವರ ಮುಖ ನೋಡಿ ಸೈಕಲ್ ನಿಲ್ಲುವ ಮೊದಲೇ ಇಳಿದೆ. "ಮುಂಜಾನಿಂದ ಬಾಯಿ ತಗದಿಲ್ಲವಾ ಹುಡುಗಿ. ಬೆಲ್ಲ ತೋರಿಸೀನಿ, ಕರು ತೋರಿಸೀನಿ, ಊಂ ಇಲ್ಲ, ಆಂ ಇಲ್ಲ."

ಮಗಳು ಪಡಸಾಲೆಯ ಮೂಲೆಯಲ್ಲಿ ತುಟಿ ಒಳಗೆ ಎಳೆದುಕೊಂಡು ಕೂತಿತ್ತು. ಕರೆದೆ, ಮಾತಾಡಲಿಲ್ಲ. ಅದರ ಅಪ್ಪ ಸೈಕಲ್ ಗಂಟೆ ಬಾರಿಸಿದರು, ಮಾತಾಡಲಿಲ್ಲ. ಆಡಿನ ಮುಖ ನನ್ನ ಕಣ್ಣಿಗೆ ಬಂತು. ಅಲ್ಲೇ ನೆಲಕ್ಕೆ ಕೂತು, ಏನು ಹೇಳಬೇಕೋ ತಿಳಿಯದೆ, ದಿನದ ಸುದ್ದಿ ಹೇಳುವ ಹಾಗೆ ಅದಕ್ಕೆ ಹೇಳಿದೆ. "ಗುಡಿಗಿ ಹೋಗಿದ್ನಿ. ಅಯ್ಯನವರು, ಇನ್ನ ಮಾತಾಡವಾ ಅಂದ್ರು."

ಅದು ನನ್ನನ್ನು ನೋಡಿತು. ಅಜ್ಜಿಯನ್ನು ನೋಡಿತು. ಬೆರಳಿನಿಂದ ತುಟಿ ಬಿಡಿಸಿಕೊಂಡಿತು.

"ನನಗೂ ಅಂದ್ರ?"

"ನಿನಗೂ ಅಂದ್ರು" ಅಂದೆ. ಮೂರು ತಾಸು ಮುಂಚೆ ಗುಡಿಯಲ್ಲಿ ಕೈ ಮುಗಿದು ಬಂದವಳು ಮನೆಗೆ ಬಂದು ಹೇಳಿದ ಮೊದಲ ಸುಳ್ಳು ಅದು. ವೀರಪ್ಪ ಕೇಳಿಸಿಕೊಂಡಿರುತ್ತಾನೆ. ಮಗಳು ಎದ್ದು ಬಂದು ನನ್ನ ತೊಡೆಯ ಮೇಲೆ ಕೂತು, ಕರು ಏನು ಮಾಡಿತು, ಅಜ್ಜಿ ಎಷ್ಟು ಸಲ ಬೈದಳು ಎಂದು ಮುಂಜಾನೆಯಿಂದ ಕೂಡಿಟ್ಟುಕೊಂಡಿದ್ದನ್ನು ಹೇಳತೊಡಗಿತು. ಒಂದೂ ಮಾತು ಬಿಡದೆ ಕೇಳಿದೆ. ಅನ್ನಕ್ಕೆ ಇಡುವುದು ತಡವಾಯಿತು.