ತಗಚಿ, ದೊಡ್ಡ ತಗಚಿ

ಶ್ರಾವಣ ಬಂತೆಂದರೆ ನಮ್ಮ ಕಡೆಯ ಅಡುಗೆಮನೆಗಳಲ್ಲಿ ರೊಟ್ಟಿಯ ಪಕ್ಕ ತಗಚಿ ಪಲ್ಲೆ ಇದ್ದೇ ಇರುತ್ತದೆ. ಯಾರೂ ಬಿತ್ತದೆ ಹೊಲದ ಬದುವಿನಲ್ಲಿ ಏಳುವ ಈ ಸೊಪ್ಪಿಗೆ ಮಗ್ಗುಲಲ್ಲೇ ಬೆಳೆಯುವ ಒಡಹುಟ್ಟೊಂದಿದೆ, ದೊಡ್ಡ ತಗಚಿ. ನೀವೂ ನೋಡಿರುತ್ತೀರಿ. ಹೂವು ಎರಡಕ್ಕೂ ಹಳದಿ. ತಗಚಿಯ ಎಲೆತುದಿ ಗುಂಡಗೆ, ಕಾಯಿ ಸಪೂರ, ಕುಡುಗೋಲಿನ ಬಾಗು. ದೊಡ್ಡದರ ಎಲೆತುದಿ ಚೂಪು, ಕಾಯಿ ಚಪ್ಪಟೆ, ಉಜ್ಜಿದರೆ ದುರ್ವಾಸನೆ. ವಿದ್ಯಾಗಿರಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನಾನು ಇಷ್ಟನ್ನು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ. ಒಂದು ತುತ್ತು, ಇನ್ನೊಂದು ವಿಷ ಎಂಬುದನ್ನು ಮಾತ್ರ ಹೇಳಬೇಕಾದಲ್ಲಿ ಹೇಳಲಿಲ್ಲ.

ಗುಡೂರಿನಲ್ಲಿರುವ ನನ್ನ ತಂಗಿ ಶಾಂತಾಳ ಮಗಳು ರೇಣುಕಾಗೆ ಆರು ವರ್ಷ. ನವರಾತ್ರಿ ಮುಗಿದ ವಾರ, ಶಾಂತಾ ಆ ವರ್ಷದ ಕೊನೆಯ ಎಳೆ ಕುಡಿಗಳ ಪಲ್ಲೆ ಮಾಡಿದ ಮರುದಿನ, ಮಗುವಿಗೆ ವಾಂತಿ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಕರೆದರೂ ಕಣ್ಣು ತೆರೆಯಲಿಲ್ಲ. ಬಾಗಲಕೋಟೆಯ ದವಾಖಾನೆಯಲ್ಲಿ ಮೂರನೆಯ ದಿನ ತೀರಿಕೊಂಡಿತು.

ಮಣ್ಣು ಮಾಡಿ ಬಂದವರ ಎದುರಿಗೇ ಶಾಂತಾಳ ಅತ್ತೆ ಅಂದರು: "ಪಲ್ಲೆ ಮಾಡಿ ಉಣಿಸಿದಾಕಿ ನೀನ. ಕೂಸಿನ್ನ ನೀನ ತಿಂದ್ಕೊಂಡಿ."

ಆ ಪಲ್ಲೆಯನ್ನು ಮನೆಮಂದಿಯೆಲ್ಲ ಉಂಡಿದ್ದರೆಂದು ಹೇಳುವ ತ್ರಾಣ ಕೂಡ ಶಾಂತಾಳಲ್ಲಿ ಉಳಿದಿರಲಿಲ್ಲ. ಗೋಡೆಗೆ ಒರಗಿ ಕುಳಿತೇ ಇದ್ದಳು.

ಮಗುವಿನ ಫ್ರಾಕು ಮಡಚುವಾಗ ಕಿಸೆಯಲ್ಲಿ ನನಗೆ ಸುಲಿದ ಕಾಯಿಯ ಸಿಪ್ಪೆಗಳು ಸಿಕ್ಕವು. ಚಪ್ಪಟೆ ಸಿಪ್ಪೆಗಳು. ತಂದು ಶಾಂತಾಳ ಅತ್ತೆಯ ಮುಂದೆ ಹಿಡಿದೆ. "ಪಲ್ಲೇದಿಂದ ಅಲ್ರಿ ಅತ್ತ್ಯಾರ. ಕೂಸು ದೊಡ್ಡ ತಗಚಿ ಕಾಳು ತಿಂದೈತಿ. ಶಾಂತಾಂದು ತಪ್ಪಿಲ್ಲ."

ಆಕೆ ಮೂಸಿ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ತಪ್ಪು ಒಬ್ಬರ ಹೆಗಲಿನಿಂದ ಇಳಿದ ಮಾತ್ರಕ್ಕೆ ಮಾಯವಾಗುವುದಿಲ್ಲ. ಇನ್ನೊಂದು ಹೆಗಲನ್ನು ಹುಡುಕುತ್ತದೆ. ಶಾಂತಾ ಮೊದಲ ಬಾರಿಗೆ ತಲೆಯೆತ್ತಿದಳು. "ಅದನ್ನ ತಿನ್ನಬಹುದು ಅಂತ ಆಕೀಗೆ ಯಾರ್ ಹೇಳಿದ್ರು, ಅಕ್ಕಾ?"

ಶ್ರಾವಣದಲ್ಲಿ ಬಂದಿದ್ದಾಗ ರೇಣುಕಾಳನ್ನು ಬದುವಿಗೆ ಕರೆದೊಯ್ದು, ಎರಡೂ ಗಿಡ ತೋರಿಸಿ, "ಇವು ಅಕ್ಕ-ತಂಗಿ. ಸಣ್ಣದು ನಿಮ್ಮವ್ವ, ದೊಡ್ಡದು ನಾ" ಎಂದಿದ್ದೆ. ಮಗು ನಕ್ಕಿತ್ತು. ಅಷ್ಟರಲ್ಲಿ ಕಾಲೇಜಿನಿಂದ ಫೋನು ಬಂದು ಮಾತು ಅಲ್ಲಿಗೇ ನಿಂತಿತ್ತು. ತಂಗಿಯನ್ನು ತಿನ್ನಬಹುದಾದರೆ ಅಕ್ಕನನ್ನೇಕೆ ತಿನ್ನಬಾರದೆಂದು ಅದಕ್ಕೆ ಅನ್ನಿಸಿರಬೇಕು.

ಮುಚ್ಚಿಡಬಹುದಿತ್ತು. ಇದ್ದದ್ದನ್ನು ಇದ್ದಂತೆ ಶಾಂತಾಗೆ ಹೇಳಿದೆ.

ಅವಳು ಬೈಯಲಿಲ್ಲ, ಅಳಲಿಲ್ಲ. "ಬಸ್ಸಿನ ಹೊತ್ತಾತು. ನೀ ಹೋಗು" ಎಂದಳು.

ಈಗಲೂ ನಾನು ಫೋನು ಮಾಡಿದರೆ ಎತ್ತುತ್ತಾಳೆ. ಮಳೆ ಬಂತೋ ಇಲ್ಲವೋ ಹೇಳುತ್ತಾಳೆ, ನನ್ನ ಮೊಣಕಾಲು ನೋವನ್ನು ವಿಚಾರಿಸುತ್ತಾಳೆ. ಅಕ್ಕಾ ಎಂದು ಮಾತ್ರ ಕರೆಯುವುದಿಲ್ಲ.