ಜೀಪಿನ ಎತ್ತರ, ಅಕ್ಕನ ಮೊಣಕಾಲು

ಕಳೆದ ಗುರುವಾರ ಬೆಳಿಗ್ಗೆ ಚಿಕ್ಕಲಸಂದ್ರದಲ್ಲಿ, ತನ್ನ ಮನೆಯ ಗೇಟಿನ ಮುಂದೆ, ನನ್ನ ಅಕ್ಕ ಜೀಪಿನ ಬಾಗಿಲು ಹಿಡಿದು ನಿಂತಿದ್ದಳು. ಒಂದು ಕಾಲು ನೆಲದ ಮೇಲೆ. ಇನ್ನೊಂದು ಗಾಳಿಯಲ್ಲಿ.

"ಏನೇ ಇದು, ಆನೆ ತಂದಿದೀಯಾ?" ಅಂದಳು.

ಆನೆಯಲ್ಲ. ಅದೇ ಹಳೆಯ ಫೋರ್ ವೀಲ್ ಡ್ರೈವ್ ಜೀಪು. ಹಿಂದಿನ ದಿನವಷ್ಟೇ ಲಿಫ್ಟ್ ಸ್ಪ್ರಿಂಗ್ ಹಾಕಿಸಿದ್ದೆ. (ಮಾಮೂಲಿಗಿಂತ ಎತ್ತರದ ಸ್ಪ್ರಿಂಗ್. ಹಾಕಿದರೆ ಗಾಡಿಯ ಹೊಟ್ಟೆ ನೆಲದಿಂದ ಇನ್ನಷ್ಟು ಮೇಲೇಳುತ್ತದೆ.)

ಯಾಕೆ ಹಾಕಿಸಿದೆ? ಅಕ್ಕನಿಗಾಗಿಯೇ. ಕನಕಪುರ ರಸ್ತೆಯಾಚೆ ನಮ್ಮಪ್ಪನ ಕಾಲದ ಜಮೀನಿನಲ್ಲಿ ಒಂದು ತುಂಡು ಇನ್ನೂ ಉಳಿದಿದೆ. ಪ್ರತಿ ಗುರುವಾರ ಇಬ್ಬರೂ ಹೋಗುತ್ತೇವೆ. ಅಕ್ಕ ಅಲ್ಲಿ ಬದನೆ, ಅವರೆ, ಒಂದಷ್ಟು ಸೊಪ್ಪು ಹಾಕಿದ್ದಾಳೆ. ವಾರದ ಉಳಿದ ದಿನಗಳನ್ನು ಆ ಗುರುವಾರದ ಆಸೆಯಲ್ಲೇ ದೂಡುತ್ತಾಳೆ.

ಆದರೆ ದಾರಿ? ಟ್ರ್ಯಾಕ್ಟರ್ ಓಡಾಡಿ ಎರಡೂ ಪಕ್ಕ ಹಳ್ಳ, ನಡುವೆ ದಿಬ್ಬ. ಈ ಮಳೆಗಾಲದಲ್ಲಿ ಜೀಪು ಆ ದಿಬ್ಬದ ಮೇಲೆ ಕೂತುಬಿಟ್ಟಿತು. ಅಕ್ಕ ಕೆಸರಿನಲ್ಲಿ ನಡೆದೇ ಹೋದಳು. ಮರುದಿನ ಮಂಚ ಬಿಟ್ಟು ಏಳಲಿಲ್ಲ. ಅಂದೇ ತೀರ್ಮಾನಿಸಿದೆ, ಗಾಡಿ ಎತ್ತರವಾಗಬೇಕು.

ನಾನು ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಅಳೆಯದೆ ಏನೂ ಮಾಡುವುದಿಲ್ಲ. ಟೇಪ್ ಹಿಡಿದು ದಿಬ್ಬ ಅಳೆದೆ, ನಮ್ಮ ಪೋರ್ಟಿಕೊ ಅಳೆದೆ. ಬನಶಂಕರಿಯ ಗ್ಯಾರೇಜಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತವಳು ಕೊನೆಯ ಬೋಲ್ಟ್ ಬಿಗಿಯುವವರೆಗೆ ಕದಲಲಿಲ್ಲ.

"ಆಂಟಿ, ಜೀಪ್ ರ್‍ಯಾಲಿಗೇನಾದ್ರೂ ಹೋಗ್ತಿದೀರಾ?" ಅಂದ ಮೆಕ್ಯಾನಿಕ್.

"ಬದನೆಕಾಯಿ ಕೀಳೋಕೆ ಹೋಗ್ತಿದೀನಿ. ನೀನು ಟೈಟ್ ಮಾಡು."

ಎಲ್ಲ ಅಳೆದಿದ್ದೆ, ಅಕ್ಕನ ಮೊಣಕಾಲು ಎಷ್ಟು ಎತ್ತರಕ್ಕೆ ಬರುತ್ತದೆ ಎಂಬುದೊಂದನ್ನು ಬಿಟ್ಟು.

ಇದರಲ್ಲಿ ಅವಳ ಬೀದಿಯ ಪಾಲೂ ಇದೆ. ಹಳೆಯ ಟಾರು ಕೆರೆಯದೆ ಅದರ ಮೇಲೇ ಹೊಸ ಟಾರು ಸುರಿದು ಸುರಿದು, ಒಂದು ಕಾಲಕ್ಕೆ ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಇಳಿದು ಹೋಗಬೇಕು. ಮೇಲೆ ರಸ್ತೆ, ಅದರ ಮೇಲೆ ನನ್ನ ಜೀಪು, ಗುಂಡಿಯಲ್ಲಿ ಅಕ್ಕ. ನಮ್ಮ ಕಡೆ ಎಲ್ಲರೂ ಮಾಡುತ್ತಿರುವುದು ಇದೇ ತಾನೆ? ರಸ್ತೆ ಏರಿತೆಂದು ಒಬ್ಬರು ಅಂಗಳ ಏರಿಸುತ್ತಾರೆ. ಆ ಅಂಗಳದ ನೀರು ನುಗ್ಗಿತೆಂದು ಪಕ್ಕದವರು ಹೊಸಿಲು ಏರಿಸುತ್ತಾರೆ. ಏರಿಸಲಾಗದವರು?

ಅಕ್ಕನೂ ರಸ್ತೆಯ ಮಟ್ಟದಲ್ಲೇ ನಿಲ್ಲಲಿ ಎಂದು ಜೀಪನ್ನು ಬೀದಿಯ ನಡುವೆ ನಿಲ್ಲಿಸಿ ನೋಡಿದೆ. ಆಗಲೂ ಕಾಲು ಎಟುಕಲಿಲ್ಲ. ಅಕ್ಕ ಬುಟ್ಟಿ ಕೆಳಗಿಟ್ಟಳು. "ನೀನು ಹೋಗ್ಬಾ. ಇನ್ಮೇಲೆ ನನ್ನ ಕೈಲಾಗಲ್ಲ."

ನನಗೆ ಅದು ಕೇಳಿಸಲಿಲ್ಲ ಅಂದುಕೊಳ್ಳಿ. ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ಕೆಳಗೆ ಜೋತು ಬೀಳೋ ಥರ ಫುಟ್‌ಸ್ಟೆಪ್ ಹಾಕ್ಕೊಡ್ತೀನಿ ಆಂಟಿ."

"ಹಳ್ಳದ ಅಂಚಿಗೆ ಅದೇ ತಾಗಲ್ವೇನಪ್ಪಾ?"

"ತಾಗುತ್ತೆ. ಹಳೇ ಸ್ಪ್ರಿಂಗ್ ಇಲ್ಲೇ ಇದೆ, ವಾಪಸ್ ಹಾಕ್ಲಾ?"

"ಬೇಡ" ಅಂದೆ. ಹಳೆಯದು ಹಾಕಿಸಿದರೆ ಅಕ್ಕ ಮತ್ತೆ ಕೆಸರಿಗೆ.

ಬೀದಿಯ ತುದಿಯಲ್ಲಿ ಹಳೆಯ ಊರಿನ ಅರಳಿಕಟ್ಟೆ ಕಾಣುತ್ತಿತ್ತು.

"ಅಕ್ಕ, ಚಿಕ್ಕವರಿದ್ದಾಗ ನಾವು ಎತ್ತಿನ ಗಾಡಿ ಎಲ್ಲಿಂದ ಹತ್ತುತ್ತಿದ್ವಿ?"

ಅವಳು ಬುಟ್ಟಿ ಎತ್ತಿಕೊಂಡು ಕಟ್ಟೆಯ ಕಡೆ ಹೊರಟಳು.

ಕಟ್ಟೆಗೆ ತಗ್ಗಿನ ಮೆಟ್ಟಿಲುಗಳಿವೆ. ಕಟ್ಟೆಯ ಅಂಚು ಹಿಡಿದು ನಿಧಾನವಾಗಿ ಹತ್ತಿದಳು. ನಾನು ಜೀಪನ್ನು ಕಟ್ಟೆಗೆ ತಾಗಿದಂತೆ ತಂದು ನಿಲ್ಲಿಸಿದೆ. ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ಪಕ್ಕದವರನ್ನು ತಿವಿದರು. "ಜರುಗ್ರಪ್ಪಾ, ಇದು ಬಸ್ ಸ್ಟಾಪ್ ಆಯ್ತು."

ಅಕ್ಕ ಸೀಟಿಗೆ ಬೆನ್ನು ಕೊಟ್ಟು ಕೂತು, ಕಾಲು ಒಳಗೆಳೆದುಕೊಂಡಳು. ಅಷ್ಟೇ.

"ಅಲ್ಲಿ ಇಳಿಯೋದು ಹೆಂಗೇ?" ಅಂದೆ.

"ಹೊಲದ ಬದು ಇಲ್ವೇನೇ? ಅದರ ಪಕ್ಕಕ್ಕೆ ನಿಲ್ಸು. ಈಗ ಗೇರ್ ಹಾಕು, ಬಿಸಿಲು ಏರ್ತಿದೆ."

ದಿಬ್ಬದ ಮೇಲೆ ಜೀಪು ಎಲ್ಲೂ ತಾಗದೆ ಹಾದುಹೋಯಿತು. ಅಕ್ಕ ಬದುವಿನ ಮೇಲೆ ಇಳಿದು, ನನಗಾಗಿ ಕಾಯದೆ ಬದನೆ ಗಿಡಗಳ ಕಡೆ ನಡೆದಳು.

ನಮ್ಮದು ಹೇಗೋ ನಡೆಯಿತು. ಮುಂದಿನ ಸಲ ಟಾರು ಸುರಿಯುವವರು ಹಳೆಯದನ್ನು ಕೆರೆದು ಸುರಿಯುತ್ತಾರೋ, ಇಲ್ಲಾ ಪ್ರತಿ ಮನೆಯ ಮುಂದೆ ಒಂದೊಂದು ಅರಳಿಕಟ್ಟೆ ಕಟ್ಟಿಸಿಕೊಡುತ್ತಾರೋ?