ಈರಣ್ಣನ ಹರಕೆಗೆ ನಾನಿಟ್ಟ ಹೆಸರು

ಮುರಗೋಡಕ್ಕೆ ಹೋದ ಹೊಸತರಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆರೆದರೆ, ನಾನು ಬಾಡಿಗೆಗಿದ್ದ ಮನೆಯ ಯಜಮಾನ ಈರಣ್ಣ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಅಂಗಳದಲ್ಲಿ ಕೂತಿದ್ದರು. ಟೆಂಪೋ ಓಡಿಸುವ ಹುಸೇನಸಾಬರು ಅವರ ಕೊರಳಿಗೆ, ಲಿಂಗದ ಕರಡಿಗೆಯ ಮೇಲೆಯೇ, ಕೆಂಪು ಹಸಿರು ದಾರ ಕಟ್ಟುತ್ತಿದ್ದರು. ನಾನು ಚೊಂಬು ಹಿಡಿದು ನಿಂತೇ ಬಿಟ್ಟೆ.

"ಮೊಹರಂಕ್ಕ ಫಕೀರ ಆಗ್ಯಾರ್ರಿ. ನಮ್ಮ ಮಾವನ ಕಾಲದ ಹರಕಿ," ಎಂದರು ಅವರ ಹೆಂಡತಿ ಗಂಗಕ್ಕ. ಆ ದಾರಕ್ಕೆ ಅಲ್ಲಿ ಲಾಡಿ ಎನ್ನುತ್ತಾರೆ. ಕಟ್ಟಿಸಿಕೊಂಡವರು ಹಬ್ಬ ಮುಗಿಯುವವರೆಗೆ ಚಪ್ಪಲಿ ಮೆಟ್ಟುವುದಿಲ್ಲ, ಮನೆ ಮನೆ ಬೇಡಿ ಉಣ್ಣುತ್ತಾರೆ.

ನಮ್ಮ ಕುಂದಾಪುರದ ಕಡೆ ಬಾಡಿಗೆಯವನಿಗೆ ಯಜಮಾನರ ಚಾವಡಿಯಾಚೆ ಏನಿದೆಯೆಂದೇ ತಿಳಿಯುವುದಿಲ್ಲ. ಇವರು ಅಡುಗೆಮನೆಗೇ ಕರೆದು ಕೂರಿಸಿದರು. ಕುಚ್ಚಲಕ್ಕಿಯ ಹೊಟ್ಟೆಗೆ ಜೋಳದ ರೊಟ್ಟಿ ಹಿಡಿಸಿತು. ಊಟವಾಯಿತೇ ಎನ್ನಲು ಅವರು "ಆತೇನ್ರಿ?" ಎಂದರೆ ಏನಾಯಿತೋ ಎಂದು ಗಾಬರಿ ಬೀಳುವುದೂ ನಿಂತಿತು. ಈರಣ್ಣ ನನ್ನನ್ನು ತಮ್ಮಾ ಎನ್ನತೊಡಗಿದರು.

ನಾನು ಪಾಠ ಹೇಳುವ ಬೈಲಹೊಂಗಲದ ಕಾಲೇಜಿನಲ್ಲಿ ಧರ್ಮಗಳ ಅಧ್ಯಯನದ ಬಗ್ಗೆ ಒಂದು ವಿಚಾರ ಸಂಕಿರಣ ನಡೆಯಿತು. ಅಕ್ಕರೆಯಿಂದ ಈರಣ್ಣ, ಹುಸೇನಸಾಬ ಇಬ್ಬರನ್ನೂ ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸಿದೆ. ವೇದಿಕೆ ಹತ್ತಿದ ಮೇಲೆ ಆ ಅಕ್ಕರೆ ಎಲ್ಲಿ ಹೋಯಿತೋ! ಈರಣ್ಣನ ಮೊಹರಂ ಹರಕೆಯನ್ನು ವಿವರಿಸಿ, "ಇದು ಸಂಕರ ಧರ್ಮ. ಉದಾಹರಣೆ ಇಲ್ಲೇ ಕೂತಿದೆ," ಎಂದು ಬೆರಳು ತೋರಿಸಿದೆ. ಸಭೆಯೆಲ್ಲ ತಿರುಗಿ ನೋಡಿ ನಕ್ಕಿತು. ಹುಸೇನಸಾಬರು ಟೊಪ್ಪಿಗೆ ಸರಿಮಾಡಿಕೊಂಡು ತಲೆ ತಗ್ಗಿಸಿದರು.

ಮರಳುವಾಗ ಟೆಂಪೋದಲ್ಲಿ ಈರಣ್ಣ ಕೇಳಿದರು: "ತಮ್ಮಾ, ಸಂಕರ ಅಂದ್ರ ಹೈಬ್ರಿಡ್ ಜ್ವಾಳಕ್ಕ ಅಂತಾರಲ್ಲ, ಅದ ಹೌದಿಲ್ಲೋ?"

"ಅದು ಶಾಸ್ತ್ರದ ಶಬ್ದ ಅಣ್ಣಾ, ಬೈಗುಳವಲ್ಲ."

"ಇರಲಿ ಬಿಡ್ರಿ," ಎಂದರು ಈರಣ್ಣ. "ಆದ್ರ ಆ ಮಂದಿ ನಕ್ಕರಲ್ರಿ."

ನೆಲ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ಗ್ರಂಥಗಳಲ್ಲಿ ಎಷ್ಟೋ ಸಲ ಓದಿದ ಶಬ್ದ ಅದು. ಎರಡು ಧರ್ಮಗಳು ಮೊದಲು ಬೇರೆ ಬೇರೆ, ಶುದ್ಧವಾಗಿ ಇದ್ದವು, ಇವರ ಮನೆಗೆ ಬಂದು ಕಲಬೆರಕೆಯಾದವು ಎಂಬ ತೀರ್ಪು ಅದರೊಳಗೇ ಇತ್ತು. ಉಂಡ ಮನೆಯ ಮೇಲೆ ಆ ತೀರ್ಪು ಹೊರಿಸಿ ಚಪ್ಪಾಳೆ ಗಿಟ್ಟಿಸಿದ್ದೆ.

ಮುಂದಿನ ಮೊಹರಂ ಹತ್ತಿರ ಬಂದಾಗ ಈರಣ್ಣ ನನ್ನ ಕೋಣೆಗೆ ಬಂದರು. ಮುಖ ನೋಡದೆ, "ಸರ್ರ, ಹಬ್ಬ ಮುಗಿಯೂತನಾ ಊರಿಗೆ ಹೋಗಿ ಬರ್ರಿ. ತಪ್ಪ ತಿಳ್ಕೋಬ್ಯಾಡ್ರಿ," ಎಂದರು.

ಹಾಗಾಗಿ ಇದನ್ನು ಊರಲ್ಲೇ ಕೂತು ಬರೆಯುತ್ತಿದ್ದೇನೆ. ಮನಸ್ಸೆಲ್ಲ ಆ ಅಂಗಳದಲ್ಲಿದೆ. ನಾನು ಬಂದದ್ದು ಅಮ್ಮನಿಗೆ ಸಂಭ್ರಮ. ಗಂಜಿ ಬಡಿಸುತ್ತ, "ಈಗ ಎಂತಾ ರಜಿ ಮಗಾ?" ಎಂದು ಕೇಳಿದರು. ಮೊಹರಂ, ಅಲ್ಲಿ ದೊಡ್ಡ ಹಬ್ಬ ಎಂದೆ.

"ಹಬ್ಬಕ್ ನಿಲ್ಲ್ ಅಂದೇಳಿ ಅವ್ರ್ ಹೇಳ್ಲಿಲ್ಯಾ?"

ಹೋಗು ಎಂದರು ಎನ್ನುವ ಬದಲು, ಇನ್ನೊಂದು ಸೌಟು ಗಂಜಿ ಬಡಿಸು ಎಂದೆ.